ಫೋನಿನಲ್ಲಿ ನಾಲ್ಕು ಆ್ಯಪ್ ಇವೆ, ಆದರೂ ರಾತ್ರಿ ನಿದ್ದೆ ಇಲ್ಲ

ಪ್ರಶ್ನೆ: ಮೇಡಂ, ನಾನು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ, ನಾಲ್ಕನೇ ಸೆಮಿಸ್ಟರ್. ಊರು ಹಾವೇರಿ ಹತ್ತಿರದ ಹಳ್ಳಿ. ಇಲ್ಲಿ ಪಿಜಿಯಲ್ಲಿದ್ದೇನೆ. ಹೋದ ಸೆಮ್‌ನಲ್ಲಿ ಎಂ3 (ಗಣಿತ) ಸೇರಿ ಎರಡು ಸಬ್ಜೆಕ್ಟ್ ಬ್ಯಾಕ್ ಆದವು. ಆಗಿನಿಂದ ಓದಲು ಕೂತರೆ ಮನಸ್ಸು ನಿಲ್ಲುವುದಿಲ್ಲ. ರಾತ್ರಿ ಎರಡು ಮೂರು ಗಂಟೆಯವರೆಗೂ ಎಚ್ಚರ. ಬೆಳಗಿನ ಕ್ಲಾಸ್ ತಪ್ಪುತ್ತಿದೆ. ಊಟ ಸೇರುತ್ತಿಲ್ಲ. ಎರಡು ತಿಂಗಳಿಂದ ಹೀಗೇ ಇದೆ, ಯಾರಿಗೂ ಹೇಳಿಲ್ಲ. ಫೋನಿನಲ್ಲಿ ನಾಲ್ಕು ಆ್ಯಪ್ ಹಾಕಿಕೊಂಡಿದ್ದೇನೆ. ಒಂದು ಧ್ಯಾನಕ್ಕೆ, ಒಂದು ದಿನದ ಮೂಡ್ ಬರೆದಿಡಲು, ಒಂದು ನಿದ್ದೆಯ ಸಂಗೀತಕ್ಕೆ, ಇನ್ನೊಂದು ಎಐ ಚಾಟ್. ಒಂದು ಆ್ಯಪ್ ಒಂಬತ್ತು ಪ್ರಶ್ನೆ ಕೇಳಿ 13 ಅಂಕ ಎಂದು ತೋರಿಸಿತು. ಇದು ಡಿಪ್ರೆಶನ್ನಾ? ಆ್ಯಪ್‌ನಲ್ಲೇ ಸರಿ ಮಾಡಿಕೊಳ್ಳಬಹುದಾ? ಅದರಲ್ಲಿ ಬರೆದದ್ದು ಪ್ಲೇಸ್‌ಮೆಂಟ್‌ಗೆ ಬರುವ ಕಂಪನಿಗಳಿಗೆ ಗೊತ್ತಾಗುತ್ತದಾ? ಮನೆಯಲ್ಲಿ ಹೇಳಲು ಧೈರ್ಯ ಬರುತ್ತಿಲ್ಲ.

ಉತ್ತರ: ಬರೆದು ಕಳಿಸಿದ್ದು ಒಳ್ಳೆಯದಾಯಿತು. ಎರಡು ತಿಂಗಳಿಂದ ಯಾರಿಗೂ ಹೇಳದ ಮಾತನ್ನು ಇಷ್ಟು ಸ್ಪಷ್ಟವಾಗಿ ಬರೆದಿದ್ದೀರಿ. ಅದು ಸುಲಭದ ಕೆಲಸವಲ್ಲ.

ಬೇರೆ ಮಾತಿಗೆ ಮೊದಲು ಒಂದು ವಿಷಯ ಕೇಳಲೇಬೇಕು. ಆ ಒಂಬತ್ತು ಪ್ರಶ್ನೆಗಳಲ್ಲಿ ಕೊನೆಯದು ಸಾಯುವ ಯೋಚನೆ, ತನಗೆ ತಾನೇ ನೋವು ಮಾಡಿಕೊಳ್ಳುವ ಯೋಚನೆ ಬಂದಿದೆಯೇ ಎಂಬುದರ ಬಗ್ಗೆ ಇರುತ್ತದೆ. ಅದಕ್ಕೆ ನೀವು ಏನು ಉತ್ತರ ಕೊಟ್ಟಿರಿ ಎಂದು ಬರೆದಿಲ್ಲ. ‘ಇಲ್ಲವೇ ಇಲ್ಲ’ ಎಂಬುದನ್ನು ಬಿಟ್ಟು ಬೇರೆ ಏನನ್ನು ಒತ್ತಿದ್ದರೂ, ಒಟ್ಟು ಅಂಕ ಎಷ್ಟೇ ಇರಲಿ, ಈ ಉತ್ತರದ ಉಳಿದ ಭಾಗ ಆಮೇಲೆ ಓದಿ. ಈಗಲೇ 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ. ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಜೊತೆಗೆ ಪಿಜಿಯಲ್ಲಿ ಪಕ್ಕದ ಮಂಚದಲ್ಲಿ ಮಲಗುವವರಿಗಾದರೂ ‘ಇವತ್ತು ನನ್ನನ್ನು ಒಬ್ಬರೇ ಬಿಡಬೇಡಿ’ ಎಂದು ಹೇಳಿ. ಇಂಥ ಯೋಚನೆ ತುಂಬಾ ಜನರಿಗೆ ಬರುತ್ತದೆ. ಸಹಾಯ ಸಿಕ್ಕರೆ ಕಡಿಮೆಯೂ ಆಗುತ್ತದೆ. ಆದರೆ ಆ ಹೊತ್ತಿನಲ್ಲಿ ಜೊತೆಗೆ ಮನುಷ್ಯರು ಇರಬೇಕು. ಆ್ಯಪ್ ಸಾಲದು.

ಹಾಗೇನೂ ಇಲ್ಲ ಎಂದಾದರೆ ಮುಂದಕ್ಕೆ ಹೋಗೋಣ.

ಆ 13ರ ಲೆಕ್ಕ ಏನು ಎಂದು ಹೇಳುತ್ತೇನೆ. ನೀವು ತುಂಬಿದ್ದು ಬಹುಶಃ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ. ವೈದ್ಯರು ಜಗತ್ತಿನಾದ್ಯಂತ ಬಳಸುತ್ತಾರೆ. ಅದು ಕಳೆದ ಎರಡು ವಾರದ ಬಗ್ಗೆ ಮಾತ್ರ ಕೇಳುತ್ತದೆ. ಒಟ್ಟು ಅಂಕ 27. ಹತ್ತರಿಂದ 14ರ ನಡುವೆ ಬಂದರೆ ಖಿನ್ನತೆಯ ಲಕ್ಷಣ ಮಧ್ಯಮ ಮಟ್ಟದಲ್ಲಿವೆ ಎಂದು ಓದುತ್ತಾರೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ತಜ್ಞರೊಬ್ಬರು ನಿಮ್ಮನ್ನು ಎದುರು ಕೂರಿಸಿಕೊಂಡು ಮಾತಾಡಬೇಕು. ಆ ಅಂಕ ಹೇಳುವುದು ಅಷ್ಟನ್ನೇ. ನಿಮಗೆ ಡಿಪ್ರೆಶನ್ ಇದೆಯೋ ಇಲ್ಲವೋ ಎಂದು ಅದೊಂದರಿಂದಲೇ ತೀರ್ಮಾನ ಮಾಡಲಾಗದು. ರಕ್ತಹೀನತೆ, ಥೈರಾಯ್ಡ್, ಬಿ12 ಕೊರತೆ ಇದ್ದರೂ ಸುಸ್ತು, ಮಂಕು, ಗಮನ ನಿಲ್ಲದಿರುವುದು ಬರುತ್ತದೆ. ಪಿಜಿ ಊಟವನ್ನು ಅರ್ಧಕ್ಕೇ ಬಿಟ್ಟು ಏಳುವವರಲ್ಲಿ ಇದನ್ನು ನಾನು ಮೊದಲು ಕೇಳುತ್ತೇನೆ. ರಾತ್ರಿ ಮೂರರವರೆಗೆ ಎಚ್ಚರ ಇರುವ ಯಾರಿಗೇ ಆ ಪ್ರಶ್ನಾವಳಿ ಕೊಟ್ಟರೂ ನಿದ್ದೆ, ಸುಸ್ತು, ಗಮನ, ಈ ಮೂರು ಪ್ರಶ್ನೆಗಳಲ್ಲೇ ಒಂದಷ್ಟು ಅಂಕ ಏರುತ್ತದೆ. ಹಾಗಂತ 13 ಸುಳ್ಳು ಎನ್ನುತ್ತಿಲ್ಲ. ಎರಡು ತಿಂಗಳು, ತಪ್ಪಿದ ಕ್ಲಾಸ್, ಬಿಟ್ಟ ಊಟ, ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡದ್ದು, ಇವೆಲ್ಲ ಸೇರಿದರೆ ನೀವು ಒಬ್ಬರನ್ನು ಹೋಗಿ ಕಾಣಲೇಬೇಕು. ಯಾರನ್ನು, ಎಲ್ಲಿ ಎಂಬುದಕ್ಕೆ ಆಮೇಲೆ ಬರುತ್ತೇನೆ.

ಈಗ ಆ್ಯಪ್. ಇವುಗಳಿಂದ ಉಪಯೋಗವೇ ಇಲ್ಲ ಎಂದು ಹೇಳಿದರೆ ತಪ್ಪಾಗುತ್ತದೆ. 2017ರಲ್ಲಿ ಅಮೆರಿಕದಲ್ಲಿ ನಿಮ್ಮ ವಯಸ್ಸಿನ 70 ಜನರ ಮೇಲೆ ಒಂದು ಪ್ರಯೋಗ ನಡೆಯಿತು. ಕೆಲವರಿಗೆ ವೋಬಾಟ್ ಎಂಬ ಚಾಟ್ ಆ್ಯಪ್ ಕೊಟ್ಟರು. ಉಳಿದವರಿಗೆ ಖಿನ್ನತೆ ಬಗ್ಗೆ ಓದಲು ಒಂದು ಇ-ಪುಸ್ತಕ ಕೊಟ್ಟರು. ಎರಡು ವಾರದಲ್ಲಿ ಆ್ಯಪ್ ಬಳಸಿದವರ ಪಿಎಚ್‌ಕ್ಯೂ-9 ಅಂಕ ಇಳಿಯಿತು. ಈ ಪ್ರಯೋಗವನ್ನು ಬರೆದವರಲ್ಲಿ ಆ ಆ್ಯಪ್ ಕಟ್ಟಿದವರೇ ಇದ್ದರು, ಅದು ನೆನಪಿರಲಿ. ಅಲ್ಲಿಂದೀಚೆಗೆ ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ್ದಾರೆ. ಆ್ಯಪ್‌ಗಳಿಂದ ಪ್ರಯೋಜನ ಇದೆ, ಆದರೆ ಸಣ್ಣದು ಎಂಬುದು ಅದರ ಸಾರ.

ಇನ್ನೊಂದು ಲೆಕ್ಕ ನನಗೆ ಇದಕ್ಕಿಂತ ಮುಖ್ಯ ಅನ್ನಿಸುತ್ತದೆ. 2019ರಲ್ಲಿ ಸಂಶೋಧಕರು ಮನಸ್ಸಿನ ಆರೋಗ್ಯದ 93 ಆ್ಯಪ್‌ಗಳನ್ನು ಹಿಡಿದು, ಹಾಕಿಕೊಂಡವರು ಎಷ್ಟು ದಿನ ಬಳಸುತ್ತಾರೆ ಎಂದು ನೋಡಿದರು. ಒಂದು ತಿಂಗಳಾದ ಮೇಲೂ ತೆರೆಯುತ್ತಿದ್ದವರು ನೂರಕ್ಕೆ ಮೂರೋ ನಾಲ್ಕೋ ಜನ. ಹಾಗಾಗಿ ನಾಲ್ಕು ಆ್ಯಪ್ ಹಾಕಿಕೊಂಡೂ ಯಾವುದನ್ನೂ ನೆಟ್ಟಗೆ ಬಳಸಲು ಆಗುತ್ತಿಲ್ಲ ಎಂದರೆ ನಿಮ್ಮಲ್ಲಿ ಏನೋ ಕೊರತೆ ಇದೆ ಎಂದು ಅಂದುಕೊಳ್ಳಬೇಡಿ. ಬೇಜಾರು, ಸುಸ್ತು ಇರುವಾಗಲೇ ದಿನಾ ಶಿಸ್ತಿನಿಂದ ಆ್ಯಪ್ ತೆರೆಯಬೇಕು ಎಂದರೆ ಹೇಗೆ? ಅದೇ ಅವುಗಳ ದೊಡ್ಡ ತೊಡಕು. ಜೊತೆಯಲ್ಲಿ ಒಬ್ಬ ಕೌನ್ಸೆಲರ್ ಇದ್ದು, ‘ಈ ವಾರ ಹೇಗಾಯಿತು?’ ಎಂದು ಕೇಳುತ್ತಿದ್ದರೆ ಅದೇ ಆ್ಯಪ್ ಜಾಸ್ತಿ ದಿನ ಬಳಕೆಯಲ್ಲಿ ಉಳಿಯುತ್ತದೆ. ಇನ್ನೂ ಒಂದು ಮಾತು. ಆ ವೋಬಾಟ್ ಆ್ಯಪನ್ನೇ ಕಂಪನಿ 2025ರ ಜೂನ್ ಕೊನೆಗೆ ಮುಚ್ಚಿತು. ಲಕ್ಷಾಂತರ ಜನ ಬಳಸುತ್ತಿದ್ದದ್ದು ಒಂದು ದಿನ ನಿಂತೇ ಹೋಯಿತು. ಮನಸ್ಸಿನ ಭಾರವನ್ನೆಲ್ಲ ಒಂದು ಆ್ಯಪ್ ಮೇಲೆ ಹಾಕಿ ಕೂರಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ನಿಮ್ಮ ನಾಲ್ಕರಲ್ಲಿ ಎರಡನ್ನು ಇವತ್ತೇ ತೆಗೆಯಿರಿ. ಒಂದು ಹೊತ್ತಿಗೆ ಒಂದೇ ತೊಂದರೆ ಹಿಡಿದುಕೊಳ್ಳಿ, ಅದಕ್ಕೆ ಒಂದೇ ಆ್ಯಪ್ ಇರಲಿ. ನನ್ನನ್ನು ಕೇಳಿದರೆ ಮೊದಲು ನಿದ್ದೆ. ನಿಮ್ಮ ಪತ್ರದಲ್ಲಿ ಉಳಿದ ಎಲ್ಲವೂ ನಿದ್ದೆಗೆ ಗಂಟು ಬಿದ್ದಿವೆ. ಬೆಳಗಿನ ಕ್ಲಾಸ್ ತಪ್ಪುವುದು, ಹಸಿವೆ ಹೋಗಿರುವುದು, ಪುಸ್ತಕ ಹಿಡಿದರೆ ಮನಸ್ಸು ಓಡುವುದು, ಎಲ್ಲವೂ.

ನಿದ್ದೆಯ ಸಂಗೀತ ಕೇಳಿದರೆ ತೊಂದರೆಯೇನಿಲ್ಲ. ಆದರೆ ಅದಕ್ಕಾಗಿ ಫೋನ್ ದಿಂಬಿನ ಪಕ್ಕಕ್ಕೆ ಬರುತ್ತದೆ ಅಲ್ವಾ, ಕಷ್ಟ ಶುರುವಾಗುವುದು ಅಲ್ಲಿ. ಹಾಡು ಹಾಕಲು ಎತ್ತಿಕೊಂಡ ಫೋನಿನಲ್ಲಿ ಕ್ಲಾಸ್ ಗ್ರೂಪಿನ ಮೆಸೇಜ್ ಕಾಣುತ್ತದೆ. ಯಾರೋ ಇಂಟರ್ನ್‌ಶಿಪ್ ಸಿಕ್ಕಿದ್ದಕ್ಕೆ ಸ್ಟೇಟಸ್ ಹಾಕಿರುತ್ತಾರೆ. ಅಲ್ಲಿಂದ ರೀಲ್ಸ್. ನೋಡನೋಡುತ್ತ ಒಂದೂವರೆ ಆಗಿರುತ್ತದೆ. ಆಡಿಯೊ ಬೇಕೇ ಬೇಕು ಎನಿಸಿದರೆ ಟೈಮರ್ ಹಾಕಿ, ಫೋನನ್ನು ಕೈಗೆ ಸಿಗದಷ್ಟು ದೂರದ ಪ್ಲಗ್‌ನಲ್ಲಿ ಚಾರ್ಜ್‌ಗೆ ಇಡಿ. ಅಲಾರಮ್ಮಿಗೆ ಒಂದು ಪುಟ್ಟ ಗಡಿಯಾರ ಕೊಂಡರೆ ಇನ್ನೂ ಒಳ್ಳೆಯದು.

ನಿದ್ದೆ ಬಾರದ ತೊಂದರೆಗೆ ಮಾತ್ರೆಗಿಂತ ಮೊದಲು ಕೊಡಬೇಕಾದ ಚಿಕಿತ್ಸೆ ಒಂದಿದೆ. ಹೆಸರು ಸಿಬಿಟಿ-ಐ. ಸಿಬಿಟಿ ಎಂದರೆ ಯೋಚನೆ, ಅಭ್ಯಾಸಗಳನ್ನು ಬದಲಿಸುವ ಮಾತಿನ ಚಿಕಿತ್ಸೆ, ಇದು ಅದರ ನಿದ್ದೆಯ ರೂಪ. ಅದರ ಮುಖ್ಯ ಅಂಶ ಕೇಳಿದರೆ ‘ಇಷ್ಟೇನಾ’ ಅನ್ನಿಸಬಹುದು, ಆದರೆ ದಶಕಗಳ ಸಂಶೋಧನೆ ಇದರ ಹಿಂದಿದೆ. ಏಳುವ ಹೊತ್ತು ಒಂದೇ ಇರಬೇಕು. ರಾತ್ರಿ ಮೂರಕ್ಕೆ ಮಲಗಿದರೂ ಬೆಳಿಗ್ಗೆ ಏಳಕ್ಕೇ ಏಳಬೇಕು, ಭಾನುವಾರವೂ ಹಾಗೇ. ಮೊದಲ ಮೂರ್ನಾಲ್ಕು ದಿನ ಹಿಂಸೆಯಾಗುತ್ತದೆ. ಆ ದಿನಗಳಲ್ಲಿ ಬೈಕ್ ಓಡಿಸಬೇಡಿ. ಮಧ್ಯಾಹ್ನ ಮಲಗಬೇಡಿ, ತಡೆಯಲಾಗದಿದ್ದರೆ ಮೂರು ಗಂಟೆಯೊಳಗೆ ಇಪ್ಪತ್ತು ನಿಮಿಷ ಸಾಕು. ಸಂಜೆ ನಾಲ್ಕರ ಮೇಲೆ ಕಾಫಿ ಟೀ ಬೇಡ. ಮಂಚದ ಮೇಲೆ ಕೂತು ಓದುವುದನ್ನು ನಿಲ್ಲಿಸಿ. ಪಿಜಿಯಲ್ಲಿ ಮಂಚವೇ ಮೇಜು, ಮಂಚವೇ ಊಟದ ಜಾಗ ಎಂಬುದು ನನಗೆ ಗೊತ್ತು. ಆದರೂ ಓದುವಾಗ ಕನಿಷ್ಠ ಮಂಚದ ಇನ್ನೊಂದು ತುದಿಗೆ ತಲೆ ಮಾಡಿ, ಇಲ್ಲವೇ ಕೆಳಗೆ ಚಾಪೆ ಹಾಸಿ ಕೂರಿ. ಮಲಗುವ ಜಾಗಕ್ಕೂ ಎಚ್ಚರ ಇರುವುದಕ್ಕೂ ಮೈಗೆ ನಂಟು ಬೆಳೆಯಬಾರದು. ಮಲಗಿ ಇಪ್ಪತ್ತು ನಿಮಿಷ ಆದರೂ ನಿದ್ದೆ ಹತ್ತಲಿಲ್ಲ ಅನ್ನಿಸಿದರೆ ಎದ್ದು ಕುಳಿತುಕೊಳ್ಳಿ. ಮಂದ ಬೆಳಕಿನಲ್ಲಿ ಏನಾದರೂ ಓದಿ, ಪಠ್ಯಪುಸ್ತಕ ಬೇಡ. ತೂಕಡಿಕೆ ಬಂದಾಗ ಮತ್ತೆ ಮಲಗಿ. ರೂಮ್‌ಮೇಟ್‌ಗೆ ಟ್ಯೂಬ್‌ಲೈಟಿನ ವಿಚಾರ ಮೊದಲೇ ಹೇಳಿಟ್ಟರೆ ಒಳ್ಳೆಯದು.

ಇದನ್ನು ಹೇಳಿಕೊಡಲೆಂದೇ ಮಾಡಿದ ಆ್ಯಪ್‌ಗಳಿವೆ. ಇನ್‌ಸೋಮ್ನಿಯಾ ಕೋಚ್ ಎಂಬುದನ್ನು ಅಮೆರಿಕದ ಮಾಜಿ ಸೈನಿಕರ ಇಲಾಖೆ ಮಾಡಿಸಿದೆ. ಉಚಿತ, ಇಂಗ್ಲಿಷ್‌ನಲ್ಲಿದೆ. ದಿನಾ ಬೆಳಿಗ್ಗೆ ಎಷ್ಟಕ್ಕೆ ಮಲಗಿದೆ, ಎಷ್ಟಕ್ಕೆ ಎದ್ದೆ ಎಂದು ಬರೆಯುವುದೇ ಅದರ ಮುಖ್ಯ ಕೆಲಸ. ಆ್ಯಪ್ ಬೇಡವಾದರೆ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಗೆರೆ ಹಾಕಿ ಬರೆದರೂ ಅಷ್ಟೇ ಫಲ. ವಾಚು, ಫೋನು ಕೊಡುವ ‘ನಿದ್ದೆಯ ಅಂಕ’ ಮಾತ್ರ ನೋಡುವುದು ಬೇಡ. ಅದನ್ನು ನೋಡಿ ನೋಡಿಯೇ ‘ಇವತ್ತೂ ಸರಿಯಾಗಿ ಮಲಗಿಲ್ಲ’ ಎಂಬ ಚಿಂತೆ ಹತ್ತಿಸಿಕೊಂಡವರನ್ನು ಕಂಡಿದ್ದೇನೆ.

ಧ್ಯಾನದ ಆ್ಯಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎದೆ ಡವಗುಟ್ಟುವಾಗ, ಪರೀಕ್ಷೆಗೆ ಮುಂಚೆ, ನಿಧಾನದ ಉಸಿರಾಟ ನಿಜವಾಗಿಯೂ ಕೆಲಸ ಮಾಡುತ್ತದೆ. ಮೂಗಿನಿಂದ ನಾಲ್ಕು ಎಣಿಸುತ್ತ ಒಳಗೆ, ಆರು ಎಣಿಸುತ್ತ ಹೊರಗೆ, ಐದು ನಿಮಿಷ. ನಿಮಿಷಕ್ಕೆ ಸುಮಾರು ಆರು ಉಸಿರು ಬರುತ್ತದೆ. ಇದಕ್ಕೆ ದುಡ್ಡು ಕೊಟ್ಟು ಚಂದಾದಾರರಾಗಬೇಕಿಲ್ಲ. ಹೇಳಿಕೊಡುವ ಧ್ವನಿ ಬೇಕೆನಿಸಿದರೆ ಮೆಡಿಟೊ ಎಂಬ ಆ್ಯಪ್ ಪೂರ್ತಿ ಉಚಿತ, ಜಾಹೀರಾತಿಲ್ಲ, ಲಾಭಕ್ಕಾಗಿ ನಡೆಸುವುದಲ್ಲ. ಆದರೆ ಕಣ್ಣು ಮುಚ್ಚಿ ಕೂತರೆ ಕೆಲವರಿಗೆ ಹಳೆಯ ನೋವೆಲ್ಲ ನುಗ್ಗಿ ಬರುತ್ತದೆ, ಗಾಬರಿ ಹೆಚ್ಚುತ್ತದೆ. ನಿಮಗೂ ಹಾಗಾದರೆ ಬಲವಂತ ಮಾಡಿಕೊಳ್ಳಬೇಡಿ. ಕಣ್ಣು ಬಿಟ್ಟು ನಡೆಯುತ್ತ ಉಸಿರು ಎಣಿಸಿ, ಇಲ್ಲವೇ ಬಿಟ್ಟುಬಿಡಿ.

ಮೂಡ್ ಬರೆಯುವ ಆ್ಯಪ್ ಇದೆಯಲ್ಲ, ಇದನ್ನು ಹೆಚ್ಚಿನವರು ಅರ್ಧಕ್ಕೇ ನಿಲ್ಲಿಸುತ್ತಾರೆ. ದಿನಾ ಸಂಜೆ ಅಳುವ ಮುಖದ ಚಿತ್ರ ಒತ್ತುತ್ತಾ ಹೋದರೆ ಏನು ಸಿಗುತ್ತದೆ? ತಿಂಗಳ ಕೊನೆಗೆ ಮೂವತ್ತು ಅಳುವ ಮುಖಗಳ ಸಾಲು ಕಾಣುತ್ತದೆ, ಮನಸ್ಸು ಇನ್ನೂ ಕುಗ್ಗುತ್ತದೆ. ಮೂಡ್ ಜೊತೆಗೆ ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದಿರಿ, ಯಾರ ಜೊತೆ ಇದ್ದಿರಿ, ಊಟ ಆಗಿತ್ತಾ ಎಂಬುದನ್ನು ಒಂದು ಸಾಲಿನಲ್ಲಿ ಬರೆಯಿರಿ. ನಿಮಗೆ ಬರುವ ಹಾಗೆ, ಮನೆಮಾತಿನಲ್ಲೇ ಬರೆಯಿರಿ. ಎರಡು ವಾರ ಸಾಕು. ಆಮೇಲೆ ಹಿಂದಕ್ಕೆ ಹೋಗಿ ಓದಿ. ಎಲ್ಲ ದಿನವೂ ಒಂದೇ ಥರ ಕೆಟ್ಟದಾಗಿರಲಿಲ್ಲ ಎಂದು ಗೊತ್ತಾಗುತ್ತದೆ. ಲ್ಯಾಬ್ ಇದ್ದ ದಿನ, ಗೆಳೆಯರ ಜೊತೆ ದರ್ಶಿನಿಯಲ್ಲಿ ದೋಸೆ ತಿಂದ ದಿನ, ಊರಿನಿಂದ ಫೋನ್ ಬಂದ ದಿನ ಸ್ವಲ್ಪ ಮೇಲಿತ್ತು ಎಂದು ಕಾಣಬಹುದು. ಇಡೀ ದಿನ ರೂಮಿನಲ್ಲಿ ಇದ್ದದ್ದು ತಳದಲ್ಲಿರುತ್ತದೆ.

ಹಾಗೆ ಕಂಡ ಮೇಲೆ ಮಾಡಬೇಕಾದ ಕೆಲಸವೇ ಚಿಕಿತ್ಸೆ. ಮೂಡ್ ಸರಿಯಾದ ಮೇಲೆ ಹೊರಗೆ ಹೋಗುತ್ತೇನೆ ಎಂದು ಕಾಯುವುದನ್ನು ಬಿಟ್ಟು, ಮನಸ್ಸಿಲ್ಲದಿದ್ದರೂ ಆ ಸಣ್ಣ ಕೆಲಸಗಳನ್ನು ದಿನದ ಟೈಮ್ ಟೇಬಲ್‌ನಲ್ಲಿ ಬರೆದು ಮಾಡುವುದು. ಸಂಜೆ ಐದೂವರೆಗೆ ಇಪ್ಪತ್ತು ನಿಮಿಷ ನಡಿಗೆ. ಬುಧವಾರ ಊಟಕ್ಕೆ ಒಬ್ಬರ ಜೊತೆ. ಇಷ್ಟು ಸಣ್ಣದಿದ್ದರೆ ಸಾಕು. ಖಿನ್ನತೆಯಲ್ಲಿ ಇದಕ್ಕೆ ಒಳ್ಳೆಯ ಪುರಾವೆ ಇದೆ, ಚಿಕಿತ್ಸಕರು ಕ್ರಮವಾಗಿ ಮಾಡಿಸುತ್ತಾರೆ. ಆ್ಯಪ್ ‘ಸತತ 12 ದಿನ’ ಎಂದು ಲೆಕ್ಕ ಇಟ್ಟು, ಒಂದು ದಿನ ತಪ್ಪಿದರೆ ಮೊದಲಿನಿಂದ ಶುರು ಮಾಡುತ್ತದಲ್ಲ, ಅದನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿ. ಈಗಾಗಲೇ ‘ನನ್ನ ಕೈಲಿ ಏನೂ ಆಗಲ್ಲ’ ಎಂದುಕೊಳ್ಳುತ್ತಿರುವವರಿಗೆ ಇನ್ನೊಂದು ಕಡೆ ಫೇಲ್ ಆದ ಭಾವನೆ ಬೇಡವೇ ಬೇಡ.

ಎಐ ಚಾಟ್ ಬಗ್ಗೆ ನನ್ನ ನಿಲುವು ಸ್ವಲ್ಪ ಕಟ್ಟುನಿಟ್ಟು. ಇದರಲ್ಲಿ ಎರಡು ಬಗೆ. ಮನಸ್ಸಿನ ಆರೋಗ್ಯಕ್ಕೆಂದೇ ಕಟ್ಟಿದವು ಕೆಲವು, ಬೆಂಗಳೂರಿನಲ್ಲೇ ಹುಟ್ಟಿದ ವೈಸಾ ಅಂಥದ್ದು. ಇವು ಸಿಬಿಟಿಯ ಅಭ್ಯಾಸಗಳನ್ನು ಹಂತ ಹಂತವಾಗಿ ಮಾಡಿಸುತ್ತವೆ. ಇನ್ನೊಂದು ಬಗೆ ಚಾಟ್‌ಜಿಪಿಟಿಯಂಥ ಸಾಮಾನ್ಯ ಎಐ. ಅದು ಚಿಕಿತ್ಸೆಗೆಂದು ಮಾಡಿದ್ದಲ್ಲ. ನೀವು ಹೇಳಿದ್ದಕ್ಕೆ ತಲೆ ಆಡಿಸುವ ಗುಣ ಅದಕ್ಕಿದೆ. 2025ರ ಏಪ್ರಿಲ್‌ನಲ್ಲಿ ಅದರ ಒಂದು ಹೊಸ ಆವೃತ್ತಿ ಜನರನ್ನು ಅತಿಯಾಗಿ ಒಪ್ಪುತ್ತಿದೆ, ಹೊಗಳುತ್ತಿದೆ ಎಂದು ಓಪನ್‌ಎಐ ಕಂಪನಿಯೇ ಕೆಲವು ದಿನಗಳಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ‘ನಾನು ಯಾರಿಗೂ ಬೇಡ’ ಎಂದು ರಾತ್ರಿ ಎರಡಕ್ಕೆ ಬರೆಯುವವರಿಗೆ ಎಲ್ಲದಕ್ಕೂ ಒಪ್ಪುವ ಜೊತೆಗಾರ ಅಪಾಯ. ನಿಮ್ಮ ಗೆಳತಿ ಆಗಿದ್ದರೆ ‘ಏನ್ ಮಾತಾಡ್ತಿದ್ದೀಯ, ಎದ್ದು ಬಾ, ಊಟ ಮಾಡು’ ಎಂದು ಎಳೆದುಕೊಂಡು ಹೋಗುತ್ತಿದ್ದಳು. ಕೌನ್ಸೆಲರ್ ಆಗಿದ್ದರೆ ನಿಮ್ಮ ಮುಖ ನೋಡಿ, ತೂಕ ಇಳಿದಿದೆಯಲ್ಲ ಎಂದು ಕೇಳುತ್ತಿದ್ದರು.

ಆದರೂ ಅದರಿಂದ ಒಂದು ಒಳ್ಳೆಯ ಉಪಯೋಗ ಇದೆ, ಅದನ್ನು ಖಂಡಿತ ಮಾಡಿಕೊಳ್ಳಿ. ಹೇಳಲು ಕಷ್ಟವಾದ ಮಾತನ್ನು ಬರೆಯಲು ಸಹಾಯ ಕೇಳಿ. ಪ್ರಾಕ್ಟರ್‌ಗೆ (ನಿಮ್ಮನ್ನು ನೋಡಿಕೊಳ್ಳುವ ಅಧ್ಯಾಪಕರಿಗೆ) ಕಳಿಸುವ ಮೆಸೇಜು, ಎಂ3 ಓದಲು ಆರು ವಾರದ ಯೋಜನೆ, ಡಾಕ್ಟರ್ ಹತ್ತಿರ ಹೇಳಬೇಕಾದ ನಾಲ್ಕು ಸಾಲು. ಮನುಷ್ಯರ ಹತ್ತಿರ ಹೋಗಲು ಅದು ದಾರಿ ಮಾಡಿಕೊಟ್ಟರೆ ಒಳ್ಳೆಯದು. ಅವರ ಬದಲಿಗೆ ಅದೇ ಕೂತರೆ ನಿಲ್ಲಿಸಿ. ರಾತ್ರಿ ಹನ್ನೊಂದರ ಮೇಲೆ ತೆರೆಯಲೇಬೇಡಿ. ಮಾತ್ರೆಯ ವಿಚಾರ ಅದರ ಹತ್ತಿರ ಕೇಳಬೇಡಿ.

ಪ್ಲೇಸ್‌ಮೆಂಟ್ ಕಂಪನಿಗಳಿಗೆ ಗೊತ್ತಾಗುತ್ತದಾ ಎಂದು ಕೇಳಿದ್ದೀರಿ. ಕ್ಯಾಂಪಸ್‌ಗೆ ಬರುವ ಕಂಪನಿಯ ಎಚ್‌ಆರ್ ನಿಮ್ಮ ಮೂಡ್ ಡೈರಿ ತೆರೆದು ನೋಡುವ ದಾರಿ ಯಾವುದೂ ಇಲ್ಲ. ಆ ಭಯ ಬಿಡಿ. ಆದರೆ ಮಾಹಿತಿ ಸೋರುವುದು ಬೇರೆ ದಾರಿಯಲ್ಲಿ. ಬೆಟರ್‌ಹೆಲ್ಪ್ ಎಂಬ ದೊಡ್ಡ ಆನ್‌ಲೈನ್ ಕೌನ್ಸೆಲಿಂಗ್ ಕಂಪನಿ, ಗುಟ್ಟಾಗಿ ಇಡುತ್ತೇವೆ ಎಂದು ಮಾತು ಕೊಟ್ಟು, ಬಳಸುವವರ ಇಮೇಲ್ ವಿಳಾಸ ಮತ್ತು ಪ್ರಶ್ನಾವಳಿಯ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್, ಸ್ನ್ಯಾಪ್‌ಚಾಟ್ ಮುಂತಾದವಕ್ಕೆ ಹಂಚಿತ್ತು ಎಂದು ಅಮೆರಿಕದ ವ್ಯಾಪಾರ ಆಯೋಗ ಆರೋಪಿಸಿತು. 2023ರಲ್ಲಿ ಅದು 78 ಲಕ್ಷ ಡಾಲರ್ ಕೊಡಬೇಕಾಯಿತು. ನಮ್ಮಲ್ಲೂ 2023ರಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆ ಬಂದಿದೆ. ಆದರೆ ಕಾಯ್ದೆಯನ್ನೇ ನಂಬಿ ಎಲ್ಲವನ್ನೂ ಬರೆದುಬಿಡಬೇಡಿ.

ಕಾಲೇಜು ಕೊಟ್ಟ ಇಮೇಲ್‌ನಿಂದ ಇಂಥ ಆ್ಯಪ್‌ಗೆ ಯಾವತ್ತೂ ಲಾಗಿನ್ ಆಗಬೇಡಿ. ಆ ಖಾತೆಯ ಕೀಲಿ ಕಾಲೇಜಿನ ಕೈಲಿರುತ್ತದೆ. ಅಡ್ಡಹೆಸರಿನಲ್ಲಿ ಬಳಸಲು ಬಿಡುವ ಆ್ಯಪ್ ಆದರೆ ಒಳ್ಳೆಯದು. ಉಸಿರಾಟ ಹೇಳಿಕೊಡುವ ಆ್ಯಪ್‌ಗೆ ನಿಮ್ಮ ಕಾಂಟ್ಯಾಕ್ಟ್ಸ್, ಲೊಕೇಶನ್ ಯಾಕೆ ಬೇಕು? ಕೇಳಿದರೆ ಕೊಡಬೇಡಿ. ಬಿಡುವಾಗ ಸುಮ್ನೆ ಅನ್‌ಇನ್‌ಸ್ಟಾಲ್ ಮಾಡಿದರೆ ಬರೆದದ್ದು ಅವರ ಸರ್ವರ್‌ನಲ್ಲಿ ಉಳಿದಿರುತ್ತದೆ. ಮೊದಲು ಆ್ಯಪ್ ಒಳಗೆ ಹೋಗಿ ಖಾತೆ ಅಳಿಸಿ. ಹತ್ತಿರದ ಅಪಾಯ ಅಂದರೆ ಪಿಜಿಯಲ್ಲಿ ಕೈಯಿಂದ ಕೈಗೆ ಓಡಾಡುವ ಫೋನು. ಆ್ಯಪ್‌ಗೆ ಲಾಕ್ ಹಾಕಿ, ನೋಟಿಫಿಕೇಶನ್ ಪರದೆ ಮೇಲೆ ಕಾಣದ ಹಾಗೆ ಮಾಡಿ. ವೈದ್ಯರು, ಮನಶ್ಶಾಸ್ತ್ರಜ್ಞರ ಹತ್ತಿರ ಹೇಳಿದ್ದಕ್ಕೆ ಬೇರೆಯೇ ರಕ್ಷಣೆ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ, ನಿಮ್ಮ ಜೀವಕ್ಕೆ ಅಥವಾ ಬೇರೆಯವರಿಗೆ ಅಪಾಯ ಇದೆ ಎಂಬಂಥ ಕೆಲವು ಸಂದರ್ಭ ಬಿಟ್ಟು, ಅವರು ಅದನ್ನು ಗುಟ್ಟಾಗಿಯೇ ಇಡಬೇಕು. ಬಹಳಷ್ಟು ವಿದ್ಯಾರ್ಥಿಗಳು ಆ್ಯಪ್ ಸೇಫ್, ಕೌನ್ಸೆಲರ್ ಅಪಾಯ ಎಂದುಕೊಂಡಿರುತ್ತಾರೆ. ಕಾನೂನಿನ ಪ್ರಕಾರ ನೋಡಿದರೆ ವೈದ್ಯರ, ಮನಶ್ಶಾಸ್ತ್ರಜ್ಞರ ಕೋಣೆಯೇ ಹೆಚ್ಚು ಭದ್ರ.

ಇಷ್ಟು ಹೇಳಿದ ಮೇಲೆ, ನಿಮ್ಮ ಬ್ಯಾಕ್ ಸಬ್ಜೆಕ್ಟ್‌ಗಳ ಮಾತು ಎತ್ತದಿದ್ದರೆ ಅನ್ಯಾಯ. ಯಾವ ಆ್ಯಪೂ ಎಂ3 ಪಾಸು ಮಾಡಿಸುವುದಿಲ್ಲ. ನಿಮ್ಮ ಚಿಂತೆಗೆ ನಿಜವಾದ ಕಾರಣ ಇದೆ. ಅದನ್ನು ಬರೀ ಉಸಿರಾಟದಿಂದ ಸಮಾಧಾನ ಮಾಡಲು ಹೋದರೆ ರಾತ್ರಿ ಮತ್ತೆ ಬರುತ್ತದೆ. ಈ ವಾರ ನಿಮ್ಮ ಪ್ರಾಕ್ಟರ್ ಹತ್ತಿರ ಹೋಗಿ. ಹಾಜರಾತಿ ಎಷ್ಟಿದೆ, ಮುಂದಿನ ಪರೀಕ್ಷೆಗೆ ಯಾವುದನ್ನು ಕಟ್ಟಬೇಕು, ಮುಂದಿನ ವರ್ಷಕ್ಕೆ ಹೋಗಲು ಎಷ್ಟು ಬ್ಯಾಕ್ ಇರಬಹುದು ಎಂದು ಕೇಳಿ ಬರೆದುಕೊಳ್ಳಿ. ಗೊತ್ತಿಲ್ಲದೆ ಊಹಿಸಿಕೊಂಡ ಕಷ್ಟ ಯಾವಾಗಲೂ ನಿಜಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅದೇ ಸಬ್ಜೆಕ್ಟ್ ಹೋದವರು ನಿಮ್ಮ ಕ್ಲಾಸಿನಲ್ಲಿ ಇನ್ನೂ ಹಲವರು ಇರುತ್ತಾರೆ. ಇಬ್ಬರು ಸೇರಿ ಓದಿದರೆ ಓದೂ ಸಾಗುತ್ತದೆ, ರೂಮಿನಲ್ಲಿ ಒಬ್ಬರೇ ಕೂರುವ ಸಂಜೆಯೂ ತಪ್ಪುತ್ತದೆ.

ಇನ್ನು ಯಾರನ್ನು ಕಾಣುವುದು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಅರ್ಹ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರು ಒಬ್ಬರಾದರೂ ಇರಬೇಕು ಎಂದು ನಿರ್ದೇಶನ ಕೊಟ್ಟಿತು. ನಿಮ್ಮ ಕಾಲೇಜಿನಲ್ಲಿ ಯಾರು ಎಂದು ಕೇಳುವ ಹಕ್ಕು ನಿಮಗಿದೆ. ಅಲ್ಲಿ ಹೋಗಲು ಸಂಕೋಚ ಅನ್ನಿಸಿದರೆ, ನೀವು ಈಗ ಇರುವ ಬೆಂಗಳೂರಿನಲ್ಲೇ ಮನಸ್ಸಿನ ಆರೋಗ್ಯದ ಸರ್ಕಾರಿ ಸಂಸ್ಥೆ ನಿಮ್ಹಾನ್ಸ್ ಇದೆ. ಹೊಸೂರು ರಸ್ತೆಯ ಆಸ್ಪತ್ರೆಗೆ ಹೋಗಲು ಹೆದರಿಕೆ ಆದರೆ ಬಿಟಿಎಂ ಲೇಔಟ್‌ನಲ್ಲಿ ಅವರದೇ ಯೋಗಕ್ಷೇಮ ಕೇಂದ್ರ ಇದೆ. ಅದು ಆಸ್ಪತ್ರೆಯ ಹಾಗಿಲ್ಲ. ರಜೆಗೆ ಊರಿಗೆ ಹೋದಾಗ ತೋರಿಸುವುದಾದರೆ ಧಾರವಾಡದಲ್ಲಿ ಅಂಥದ್ದೇ ಸರ್ಕಾರಿ ಸಂಸ್ಥೆ ಡಿಮ್ಹಾನ್ಸ್ ಇದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಎಂಬ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಹೋಗುವ ಮೊದಲು ಫೋನ್ ಮಾಡಿ ಖಚಿತ ಮಾಡಿಕೊಳ್ಳಿ.

ಎಲ್ಲಿಗೂ ಹೋಗಲು ಕಾಲೇ ಏಳದಿದ್ದರೆ 14416ರಿಂದಲೇ ಶುರು ಮಾಡಿ. ಟೆಲಿ ಮಾನಸ್ 2022ರ ಅಕ್ಟೋಬರ್ 10ರಂದು ಶುರುವಾಯಿತು, ಇಡೀ ದೇಶದ ಈ ವ್ಯವಸ್ಥೆಗೆ ನಿಮ್ಹಾನ್ಸೇ ಮುಖ್ಯ ಕೇಂದ್ರ. ಸಾಯುವ ಯೋಚನೆ ಬಂದವರಿಗೆ ಮಾತ್ರ ಅದು ಎಂದು ತಿಳಿಯಬೇಡಿ. ನಿದ್ದೆ, ಪರೀಕ್ಷೆಯ ಭಯ, ಮನೆಯ ಜಗಳ, ಏನಿದ್ದರೂ ಮಾತಾಡಬಹುದು. ಬೇಕಾದರೆ ಅವರೇ ಮುಂದೆ ವೈದ್ಯರಿಗೆ ಜೋಡಿಸುತ್ತಾರೆ. 2024ರಲ್ಲಿ ಅದರ ಆ್ಯಪ್ ಕೂಡ ಬಂದಿದೆ. ನಾಲ್ಕು ಆ್ಯಪ್ ಇರುವ ಫೋನಿನಲ್ಲಿ ಒಂದನ್ನು ಉಳಿಸಿಕೊಳ್ಳಿ ಎಂದರೆ ನಾನು ಇದನ್ನೇ ಹೇಳುವೆ, ಯಾಕೆಂದರೆ ಇದರ ಆಚೆ ಕಡೆ ಮನುಷ್ಯರಿದ್ದಾರೆ. ದುಡ್ಡು ಕೊಟ್ಟು ಆನ್‌ಲೈನ್ ಥೆರಪಿಗೆ ಹೋಗುವುದಾದರೆ, ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರ ಹತ್ತಿರ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಸಂಖ್ಯೆ ಕೇಳಿ. ಇದ್ದವರು ಬೇಜಾರಿಲ್ಲದೆ ಕೊಡುತ್ತಾರೆ.

ಮಾತ್ರೆ ಕೊಟ್ಟುಬಿಡುತ್ತಾರಾ ಎಂಬ ಭಯ ಇರಬಹುದು. ಮಧ್ಯಮ ಮಟ್ಟದಲ್ಲಿ ಮಾತಿನ ಚಿಕಿತ್ಸೆಯಿಂದಲೇ ಎಷ್ಟೋ ಜನ ಚೇತರಿಸಿಕೊಳ್ಳುತ್ತಾರೆ. ಕೊಟ್ಟರೂ ಹೆದರಬೇಡಿ. ಖಿನ್ನತೆಗೆ ಈಗ ಸಾಮಾನ್ಯವಾಗಿ ಕೊಡುವ ಮಾತ್ರೆಗಳು ಚಟ ಹಿಡಿಸುವಂಥವಲ್ಲ, ಪೂರ್ತಿ ಫಲ ಕಾಣಲು ಕೆಲವು ವಾರ ಬೇಕು, ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಬಾರದು.

ಮನೆಯವರ ವಿಷಯ. ಫೀಸು ಕಟ್ಟಲು ಏನೇನು ಮಾಡಿದ್ದಾರೋ, ಅವರಿಗೆ ಇದನ್ನು ಹೇಗೆ ಹೇಳಲಿ ಎಂಬ ಭಾರ ನಿಮ್ಮ ಪತ್ರದಲ್ಲಿ ಬರೆಯದಿದ್ದರೂ ನನಗೆ ಕೇಳಿಸುತ್ತದೆ. ಡಿಪ್ರೆಶನ್ ಎಂದು ಶುರು ಮಾಡಬೇಡಿ, 13 ಅಂಕದ ಮಾತೂ ಬೇಡ. ನಿದ್ದೆ ಮತ್ತು ಊಟದಿಂದ ಶುರು ಮಾಡಿ. ‘ಅವ್ವಾ, ಎರಡು ತಿಂಗಳಾತು, ನನಗ ನಿದ್ದಿ ಸರಿ ಬರವಲ್ದು, ಊಟಾನೂ ಸೇರವಲ್ದು. ಡಾಕ್ಟರ್‌ಗೆ ತೋರಸ್ತೀನಿ.’ ಇಷ್ಟೇ ಸಾಕು ಮೊದಲ ದಿನಕ್ಕೆ. ನಿದ್ದೆ, ಊಟ ಇಲ್ಲ ಎಂದರೆ ಯಾವ ತಾಯಿಗೂ ವಿವರಣೆ ಬೇಕಾಗುವುದಿಲ್ಲ. ಬ್ಯಾಕ್ ಆದ ಸುದ್ದಿಯನ್ನು ಎರಡನೇ ಸಲಕ್ಕೆ ಇಟ್ಟುಕೊಳ್ಳಿ, ಆದರೆ ಅದನ್ನೂ ಹೇಳಿ. ಮುಚ್ಚಿಡುವುದಕ್ಕೆ ದಿನಾ ಖರ್ಚಾಗುವ ಶಕ್ತಿ ನಿಮಗೆ ಈಗ ಬೇರೆ ಕಡೆ ಬೇಕು. ಅಪ್ಪನ ಹತ್ತಿರ ನೇರ ಹೇಳಲಾಗದಿದ್ದರೆ ಅಣ್ಣ, ಅಕ್ಕ, ಸೋದರಮಾವ, ಯಾರ ಮಾತಿಗೆ ಮನೆಯಲ್ಲಿ ಬೆಲೆ ಇದೆಯೋ ಅವರ ಮೂಲಕ ಹೇಳಿಸಿ.

ತಜ್ಞರನ್ನು ಕಾಣುವುದನ್ನು ಎರಡು ವಾರ ಮುಂದೆ ಹಾಕಬೇಡಿ, ಈ ವಾರವೇ ಹೆಸರು ಬರೆಸಿ. ಸರದಿ ಬರುವವರೆಗೆ ನಿದ್ದೆಯ ಕ್ರಮ, ಸಂಜೆಯ ನಡಿಗೆ, ಒಂದು ಸಾಲಿನ ಡೈರಿ ನಡೆಯಲಿ. ಈ ನಡುವೆ ಊಟ ಇನ್ನೂ ಕಡಿಮೆಯಾದರೆ, ಎರಡು ಮೂರು ದಿನ ರೂಮಿನಿಂದ ಹೊರಗೆ ಬರಲು ಆಗದಿದ್ದರೆ, ಕುಡಿಯಬೇಕು ಎನಿಸತೊಡಗಿದರೆ, ಬದುಕು ಬೇಡ ಎಂಬ ಯೋಚನೆ ಇಣುಕಿದರೆ, ಸರದಿಗೆ ಕಾಯದೆ ಅವತ್ತೇ ಹೋಗಿ. ಮೊದಲ ಭೇಟಿಗೆ ನಿದ್ದೆ ಬರೆದ ಪುಟ, ಮೂಡ್ ಡೈರಿ, ಆ ಒಂಬತ್ತು ಪ್ರಶ್ನೆಯ ಸ್ಕ್ರೀನ್‌ಶಾಟ್ ಒಯ್ಯಿರಿ. ಏನು ಹೇಳಬೇಕೆಂದು ತೋಚದಿದ್ದರೆ ಈ ಪತ್ರವನ್ನೇ ತೋರಿಸಿ. ಮೊದಲು ಸಿಕ್ಕ ಕೌನ್ಸೆಲರ್ ಜೊತೆ ಮಾತು ಕೂಡಿಬರಲಿಲ್ಲ ಎಂದರೆ ಅಲ್ಲಿಗೇ ಬಿಡಬೇಡಿ, ಇನ್ನೊಬ್ಬರ ಹತ್ತಿರ ಹೋಗಿ. ರಕ್ತ ಪರೀಕ್ಷೆ ಬೇಕಾ ಎಂದು ಅವತ್ತೇ ಕೇಳಿಕೊಂಡು ಬನ್ನಿ.